ಎಂಜಿನ್ ಆಯ್ದುಕೊಳ್ಳುವ ಗಾಡಿ: ಮಾರ್ಗನ್ ಮೂರು ಚಕ್ರದ ನಾಲ್ಕು ದಶಕ

ಇಂಗ್ಲೆಂಡಿನ ವುಸ್ಟರ್‌ಶೈರ್ ಸೀಮೆಯ ಮಾಲ್ವರ್ನ್ ಲಿಂಕ್ ಎಂಬ ಊರಿನಲ್ಲಿ 1910ರ ಸುಮಾರಿಗೆ ತಯಾರಾಗತೊಡಗಿ 1952ರವರೆಗೆ ಮಾರಾಟವಾದ ಮಾರ್ಗನ್ ಮೂರು ಚಕ್ರದ ಗಾಡಿಯು ಕಾರೋ ಮೋಟಾರ್‌ಸೈಕಲ್ಲೋ ಎಂಬ ಪ್ರಶ್ನೆಗೆ ಅದರ ಆಕಾರವನ್ನು ನೋಡಿ ಉತ್ತರ ಹೇಳುವುದು ಕಷ್ಟ. ನಮ್ಮ ಬೀದಿಗಳ ಆಟೋರಿಕ್ಷಾದಲ್ಲಿ ಒಂದು ಚಕ್ರ ಮುಂದೆ, ಎರಡು ಹಿಂದೆ ಇರುವುದಾದರೆ ಮಾರ್ಗನ್ನಿನಲ್ಲಿ ಅದು ತಿರುವುಮುರುವಾಗಿದ್ದು, ತಿರುಗಿಸುವ ಎರಡು ಚಕ್ರಗಳು ಮುಂದೆಯೂ ಎಂಜಿನ್ನಿನ ಬಲ ತಲುಪುವ ಒಂಟಿ ಚಕ್ರ ಹಿಂದೆಯೂ ಇದ್ದವು. ಕುಳಿತುಕೊಳ್ಳಲು ಕಾರಿನ ಸೀಟು ಬಂದಿತಾದರೂ ಅದನ್ನು ಓಡಿಸುತ್ತಿದ್ದದ್ದು ಮೋಟಾರ್‌ಸೈಕಲ್ಲಿನ ಎಂಜಿನ್ನೇ. ಈ ಗಾಡಿಯ ಚರಿತ್ರೆಯನ್ನು ಸಾಮಾನ್ಯವಾಗಿ ಪಂದ್ಯ ಮತ್ತು ದಾಖಲೆಗಳ ಚರಿತ್ರೆಯಾಗಿ ಬರೆಯುವುದು ರೂಢಿಯಾದರೂ, ಕೊಳ್ಳುವವನು ಯಾವ ಎಂಜಿನ್ ಬೇಕೆಂದು ಮೊದಲು ತೀರ್ಮಾನಿಸಬೇಕಾಗಿದ್ದ ಒಂದು ವ್ಯಾಪಾರ ಪದ್ಧತಿಯ ಚರಿತ್ರೆಯಾಗಿ ಅದನ್ನು ಓದಿದರೆ ಹೆಚ್ಚಿನ ಸಂಗತಿಗಳು ಕಾಣುತ್ತವೆ.

ಪಾದ್ರಿಯೊಬ್ಬರ ಮಗನಾದ ಹೆನ್ರಿ ಫ್ರೆಡರಿಕ್ ಸ್ಟಾನ್ಲಿ ಮಾರ್ಗನ್ 1909ರಲ್ಲಿ ಕಟ್ಟಿದ ಮೊದಲ ಗಾಡಿಗೆ 7 ಅಶ್ವಶಕ್ತಿಯ ಪೂಜೋ ಎಂಜಿನ್ ಇತ್ತು. ಮೋಟಾರ್‌ಸೈಕಲ್ ಮಾಡಲೆಂದು ತಂದಿಟ್ಟುಕೊಂಡಿದ್ದ ಅದು ಕೊನೆಗೆ ಮೂರು ಚಕ್ರದ ಗಾಡಿಯ ಮೂತಿಯ ಮೇಲೆ ಕುಳಿತಿತು. ಮರುವರ್ಷ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಆತ ಇಟ್ಟ ಎರಡು ಒಂಟಿ ಸೀಟಿನ ಗಾಡಿಗಳಲ್ಲಿ ಒಂದಕ್ಕೆ 4 ಅಶ್ವಶಕ್ತಿಯ ಒಂದೇ ಸಿಲಿಂಡರಿನ ಎಂಜಿನ್ ಇದ್ದರೆ, ಇನ್ನೊಂದಕ್ಕೆ 8 ಅಶ್ವಶಕ್ತಿಯ ಎರಡು ಸಿಲಿಂಡರಿನದಿತ್ತು. ಅಂದರೆ ಮಾರುಕಟ್ಟೆಗೆ ಕಾಲಿಟ್ಟ ದಿನವೇ ಗಿರಾಕಿಯ ಮುಂದೆ ಆಯ್ಕೆಯೊಂದನ್ನು ಇಟ್ಟಂತಾಯಿತು. ಎರಡೂ ಎಂಜಿನ್‌ಗಳು ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿದ್ದ ಜಾನ್ ಆಲ್ಫ್ರೆಡ್ ಪ್ರೆಸ್ಟ್‌ವಿಚ್ ಕಾರ್ಖಾನೆಯವಾಗಿದ್ದು, ಆತನ ಹೆಸರಿನ ಮೊದಲಕ್ಷರಗಳಿಂದಾಗಿ ಅವಕ್ಕೆ ಜಾಪ್ ಎಂಬ ಹೆಸರು ನಿಂತಿತ್ತು. ಪ್ರೆಸ್ಟ್‌ವಿಚ್ ಎಂಜಿನ್‌ಗಳನ್ನು ಮುಖ್ಯವಾಗಿ ಬೇರೆ ಗಾಡಿ ತಯಾರಕರಿಗೆ ಮಾರುತ್ತಿದ್ದ. ಆ ಕಾಲದ ಬ್ರಿಟನ್ನಿನಲ್ಲಿ ಇಂಥ ಕಾರ್ಖಾನೆಗಳು ಹಲವಿದ್ದುದರಿಂದ, ಎರಕದ ಮನೆಯಾಗಲಿ ದೊಡ್ಡ ಬಂಡವಾಳವಾಗಲಿ ಇಲ್ಲದವನೂ ಗಾಡಿ ತಯಾರಕನಾಗಬಹುದಾಗಿತ್ತು.

ಒಂಟಿ ಸೀಟಿನ ಗಾಡಿಗೆ ಗಿರಾಕಿಗಳು ಹೆಚ್ಚು ಸಿಗಲಿಲ್ಲ. 1911ರಲ್ಲಿ ಇಬ್ಬರು ಕೂರುವ ಗಾಡಿ ಬಂದು, ಲಂಡನ್ನಿನ ಹ್ಯಾರಡ್ಸ್ ಅಂಗಡಿಯ ಗಾಜಿನ ಕಿಟಕಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟ ಮೇಲೆ ಬೇಡಿಕೆ ಏರಿತು. 1912ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ಮಾರ್ಗನ್ ಒಂದು ಗಂಟೆಯಲ್ಲಿ 60 ಮೈಲಿಗೆ ತುಸುವೇ ಕಡಿಮೆ ದೂರ ಓಡಿಸಿದ. 1913ರಲ್ಲಿ ಫ್ರಾನ್ಸಿನ ಆಮಿಯಾಂನಲ್ಲಿ ನಡೆದ ಸೈಕಲ್‌ಕಾರುಗಳ, ಎಂದರೆ ಮೋಟಾರ್‌ಸೈಕಲ್ಲಿನ ಬಿಡಿಭಾಗಗಳಿಂದ ಕಟ್ಟಿದ ಹಗುರ ಕಾರುಗಳ, ಪಂದ್ಯದಲ್ಲಿ ಮ್ಯಾಕ್‌ಮಿನೀಸ್ ಎಂಬಾತ ಜಾಪ್ ಎಂಜಿನ್ನಿನ ಮಾರ್ಗನ್ನಿನಲ್ಲಿ ಮೊದಲಿಗನಾಗಿ ಗುರಿ ಮುಟ್ಟಿದನಾದರೂ, ಮೂರು ಚಕ್ರದ್ದು ಕಾರಲ್ಲ, ಮೋಟಾರ್‌ಸೈಕಲ್ಲಿನ ಜಾತಿಯದು ಎಂದು ಫ್ರೆಂಚರು ತಕರಾರು ತೆಗೆದರು. ಪಂದ್ಯದಲ್ಲಿ ಕುತ್ತಾದ ಈ ವರ್ಗೀಕರಣವೇ ಮುಂದೆ ತವರಿನಲ್ಲಿ ಗಾಡಿಯ ಅನ್ನವಾಯಿತು.

1921ರ ಜನವರಿಯಿಂದ ಬ್ರಿಟನ್ನಿನಲ್ಲಿ ಕಾರುಗಳಿಗೆ ಒಂದು ಅಶ್ವಶಕ್ತಿಗೆ ಒಂದು ಪೌಂಡಿನಂತೆ ವಾರ್ಷಿಕ ತೆರಿಗೆ ಜಾರಿಗೆ ಬಂತು. ಇಲ್ಲಿ ಅಶ್ವಶಕ್ತಿ ಎಂದರೆ ಎಂಜಿನ್ ನಿಜವಾಗಿ ಕೊಡುವ ಬಲವಲ್ಲ. ಸಿಲಿಂಡರಿನ ಬಾಯಗಲವನ್ನೂ ಸಿಲಿಂಡರುಗಳ ಸಂಖ್ಯೆಯನ್ನೂ ಸೂತ್ರವೊಂದಕ್ಕೆ ಹಾಕಿ ಬಂದ ಲೆಕ್ಕದ ಶಕ್ತಿ. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆಂಬುದನ್ನು ಈ ಸೂತ್ರ ಕೇಳುತ್ತಲೇ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಕಾರುಗಳ ಸಿಲಿಂಡರುಗಳು ಕಿರಿದಾಗಿ, ಉದ್ದವಾಗಿ ಬೆಳೆದವು. ಮೂರು ಚಕ್ರದ ಗಾಡಿಗೆ ಈ ಲೆಕ್ಕ ಅನ್ವಯಿಸಲಿಲ್ಲ. ಅದರ ತೂಕ 8 ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕಿಲೋಗ್ರಾಮ್ ಮೀರದಿದ್ದರೆ ಎಂಜಿನ್ ಯಾವುದೇ ಇರಲಿ, ವರ್ಷಕ್ಕೆ 4 ಪೌಂಡು ಕಟ್ಟಿದರೆ ಸಾಕಿತ್ತು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿಗೂ 8 ಪೌಂಡು ತೆರಬೇಕಾಗಿದ್ದಾಗ, ಸಾವಿರ ಸಿಸಿಯ ಎಂಜಿನ್ ಹೊತ್ತ ಮಾರ್ಗನ್ನಿಗೆ ಅದರ ಅರ್ಧ ಸಾಲುತ್ತಿತ್ತು. ಹೀಗಾಗಿ ಮಾರ್ಗನ್ ಕೊಳ್ಳುವವನು ಎಂಜಿನ್ನುಗಳನ್ನು ಹೋಲಿಸುವಾಗ ತೆರಿಗೆಯ ಚಿಂತೆಯನ್ನು ಪೂರ್ತಿ ಪಕ್ಕಕ್ಕಿಡಬಹುದಾಗಿತ್ತು. ಆ ಸ್ವಾತಂತ್ರ್ಯ ನೆರೆಮನೆಯ ಕಾರುಗಾರನಿಗೆ ಇರಲಿಲ್ಲ.

ಗಾಡಿಯ ರಚನೆಯೂ ಈ ಆಯ್ಕೆಗೆ ಒದಗಿಬರುವಂತಿತ್ತು. ನಡುವೆ ಬೆನ್ನೆಲುಬಿನಂಥ ಒಂದು ಕೊಳವೆ, ಅದರೊಳಗೆ ಬಲವನ್ನು ಹಿಂದಕ್ಕೊಯ್ಯುವ ತಿರುಗುದಂಡ, ಅಲ್ಲಿಂದ ಹಿಂಚಕ್ರಕ್ಕೆ ಎರಡು ಚೈನುಗಳು: ಒಂದು ಏರಿಗೆ, ಒಂದು ಓಟಕ್ಕೆ. ಮೊದಲ ಎರಡು ದಶಕ ಗೇರುಗಳೆಂದರೆ ಈ ಎರಡೇ. ಹಿಂದಕ್ಕೆ ಚಲಿಸುವ ಗೇರು 1930ರ ದಶಕದ ಆರಂಭದಲ್ಲಿ ಮೂರು ಗೇರಿನ ಪೆಟ್ಟಿಗೆ ಬರುವವರೆಗೆ ಇರಲಿಲ್ಲ. ಎಂಜಿನ್ ಮುಂಚಕ್ರಗಳಿಗಿಂತ ಮುಂದೆ, ಹೊದಿಕೆಯಿಲ್ಲದೆ, ಕೆಲವೇ ಬೋಲ್ಟುಗಳ ಆಧಾರದಲ್ಲಿ ನಿಂತಿರುತ್ತಿದ್ದುದರಿಂದ ಒಂದು ಕಾರ್ಖಾನೆಯದರ ಜಾಗದಲ್ಲಿ ಇನ್ನೊಂದರದನ್ನು ಕೂರಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಜಾಪ್ ಅಲ್ಲದೆ ಜಿನೀವಾದ ಮ್ಯಾಗ್, ಬ್ರಿಟಿಷ್ ಆಂಜಾನಿ, ಬ್ಲ್ಯಾಕ್‌ಬರ್ನ್, ಮುಂದೆ ಮ್ಯಾಚ್‌ಲೆಸ್ ಹೀಗೆ ಹಲವು ಹೆಸರುಗಳು ಆ ಮೂತಿಯ ಮೇಲೆ ಬಂದು ಹೋದವು.

ಹೆಸರುಗಳಿಗಿಂತ ಮುಖ್ಯವಾಗಿದ್ದದ್ದು ಎರಡು ಪ್ರಶ್ನೆಗಳು. ಮೊದಲನೆಯದು ತಣಿಸುವುದು ಗಾಳಿಯೋ ನೀರೋ ಎಂಬುದು. ಗಾಳಿಯಿಂದ ತಣಿಯುವ ಎಂಜಿನ್ ಹಗುರ, ಅಗ್ಗ, ಚಳಿಗಾಲದಲ್ಲಿ ಹೆಪ್ಪುಗಟ್ಟಲು ಅದರಲ್ಲಿ ನೀರಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಗುಡ್ಡ ಹತ್ತುವಾಗ ಎದುರುಗಾಳಿ ಸಾಲದೆ ಅದು ಕಾದು ಸೋಲುತ್ತಿತ್ತು. ನೀರಿನ ಎಂಜಿನ್ನಿಗೆ ರೇಡಿಯೇಟರಿನ ಬೆಲೆಯೂ ತೂಕವೂ ಕೂಡುತ್ತಿದ್ದವಾದರೂ, ಕಾದ ನೀರು ತಾನೇ ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಹರಿವಿನಿಂದಲೇ ಅದು ಪಂಪಿಲ್ಲದೆ ನಡೆಯುತ್ತಿತ್ತು. ಎರಡನೆಯ ಪ್ರಶ್ನೆ ವಾಲ್ವುಗಳದು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದರೆ ಎಂಜಿನ್ ಸದ್ದಿಲ್ಲದೆ, ಸೌಮ್ಯವಾಗಿ, ಹೆಚ್ಚು ಉಪಚಾರ ಬೇಡದೆ ದುಡಿಯುತ್ತಿತ್ತು; ಸಿಲಿಂಡರಿನ ತಲೆಯ ಮೇಲಿದ್ದರೆ ಬಲ ಹೆಚ್ಚು, ಆದರೆ ಬಯಲಲ್ಲೇ ಕುಣಿಯುವ ಸರಳು ಸನ್ನೆಗಳಿಗೆ ಮಾಲೀಕನೇ ಆಗಾಗ ಎಣ್ಣೆ, ಗ್ರೀಸು ಉಣಿಸಬೇಕು, ವಾಲ್ವಿನ ಸಂದನ್ನು ಸರಿಪಡಿಸಬೇಕು. ಸಂಸಾರಸ್ಥನಿಗೆ ಪಕ್ಕದ ವಾಲ್ವು, ಹುಡುಗನಿಗೆ ಮೇಲಿನ ವಾಲ್ವು ಎಂದು ವಿಂಗಡಿಸಿದರೆ ಹೆಚ್ಚು ತಪ್ಪಾಗಲಾರದು.

ಬಲ್ಲವನಿಗೆ ಇದೆಲ್ಲವೂ ಜಾಪ್ ಎಂಜಿನ್ನಿನ ಮೈಮೇಲೆ ಒತ್ತಿದ ಅಕ್ಷರಗಳಲ್ಲೇ ಸಿಗುತ್ತಿತ್ತು. ಎಲ್‌ಟಿಒಡಬ್ಲ್ಯುಜೆಡ್ ಎಂಬ ಗುರುತಿನಲ್ಲಿ ಎಲ್ ಎಂದರೆ ಸಿಲಿಂಡರಿನ ಅಳತೆ, ಟಿ ಎಂದರೆ ಜೋಡಿ ಸಿಲಿಂಡರು, ಒ ಎಂದರೆ ಮೇಲಿನ ವಾಲ್ವು, ಡಬ್ಲ್ಯು ಎಂದರೆ ನೀರು, ಜೆಡ್ ಎಂದರೆ ಡ್ರೈ ಸಂಪ್. ಹಳೆಯ ಎಂಜಿನ್ನುಗಳಲ್ಲಿ ಒಳಹೋದ ಎಣ್ಣೆ ಸವೆದು, ಸುಟ್ಟು, ರಸ್ತೆಯ ಪಾಲಾಗುತ್ತಿದ್ದರೆ, ಡ್ರೈ ಸಂಪಿನಲ್ಲಿ ಪಂಪೊಂದು ಅದನ್ನು ಬಾಚಿ ಮತ್ತೆ ತೊಟ್ಟಿಗೆ ಕಳಿಸುತ್ತಿತ್ತು. ಈ 1096 ಸಿಸಿಯ ಎಂಜಿನ್ನಿನ ಸಿಲಿಂಡರಿನ ಬಾಯಗಲ 85.7 ಮಿಲಿಮೀಟರ್, ಕಾರಿನ ಸೂತ್ರಕ್ಕೆ ಹಾಕಿದರೆ ಲೆಕ್ಕದ ಅಶ್ವಶಕ್ತಿ 9ನ್ನು ತುಸು ದಾಟುತ್ತದೆ. ಮೂರು ಚಕ್ರದ ಮೇಲೆ ಕುಳಿತಿದ್ದರಿಂದ ಅದಕ್ಕೂ ಅದೇ 4 ಪೌಂಡು.

ವೇಗದ ಆಸೆಗೆ ಪಂದ್ಯಗಳು ಗಾಳಿ ಹಾಕಿದವು, ಒಮ್ಮೆ ಕೈಸುಟ್ಟವು ಕೂಡ. 1924ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವೇರ್ ಎಂಬಾತನ ಮಾರ್ಗನ್ ಭೀಕರ ಅಪಘಾತಕ್ಕೀಡಾದ ಮೇಲೆ ಅಲ್ಲಿ ಮೂರು ಚಕ್ರದ ಗಾಡಿಗಳು ಕಾರುಗಳೊಂದಿಗೆ ಓಡದಂತೆ ತಡೆಯಲಾಯಿತು. ಆದರೆ 1930ರಲ್ಲಿ ಗ್ವೆಂಡಾ ಸ್ಟುವರ್ಟ್ ಎಂಬಾಕೆ ಪ್ಯಾರಿಸ್ ಬಳಿಯ ಮೊಂತ್ಲೇರಿಯಲ್ಲಿ ಜಾಪ್ ಎಂಜಿನ್ನಿನ ಮಾರ್ಗನ್ನನ್ನು ಗಂಟೆಗೆ 110 ಮೈಲಿಗೂ ಮೀರಿ ಓಡಿಸಿದಳು.

1933ರ ಕೊನೆಯಲ್ಲಿ ಮಾರ್ಗನ್ ಪ್ರದರ್ಶಿಸಿದ ಎಫ್ ಮಾದರಿಗೆ ಫೋರ್ಡಿನ 933 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಕಾರಿನಂತೆ ಅದನ್ನು ಮುಚ್ಚಳದಡಿ ಅಡಗಿಸಲಾಗಿತ್ತು. 1935ರಲ್ಲಿ ಕಾರಿನ ತೆರಿಗೆ ಅಶ್ವಶಕ್ತಿಗೆ 15 ಶಿಲಿಂಗಿಗೆ ಇಳಿದು, ಅದೇ ವರ್ಷ ಫೋರ್ಡ್ ತನ್ನ ಪುಟ್ಟ ಕಾರನ್ನು 100 ಪೌಂಡಿಗೆ ಮಾರತೊಡಗಿದಾಗ ಮೂರು ಚಕ್ರದ ಲೆಕ್ಕಾಚಾರವೇ ಸಡಿಲವಾಯಿತು. 1936ರಲ್ಲಿ ಮಾರ್ಗನ್ ಕೂಡ ನಾಲ್ಕು ಚಕ್ರದ ಕಾರನ್ನು ಮಾರುಕಟ್ಟೆಗೆ ತಂದ. ಎಫ್ ಮಾದರಿಯ ಗಿರಾಕಿಗೆ ಉಳಿದ ಪ್ರಶ್ನೆ 8 ಅಶ್ವಶಕ್ತಿಯ ಫೋರ್ಡೋ, 1172 ಸಿಸಿಯ 10 ಅಶ್ವಶಕ್ತಿಯ ಫೋರ್ಡೋ ಎಂಬುದಷ್ಟೇ. ಎರಡೂ ಒಂದೇ ಕಂಪನಿಯವು, ಎರಡರಲ್ಲೂ ನೀರು, ಎರಡರಲ್ಲೂ ಪಕ್ಕದ ವಾಲ್ವು. ಎರಡು ಸಿಲಿಂಡರಿನ ಗಾಡಿಗಳ ತಯಾರಿಕೆ ಎರಡನೆಯ ಮಹಾಯುದ್ಧದೊಂದಿಗೆ ನಿಂತಿತು. ಯುದ್ಧ ಮುಗಿದ ಮೇಲೆ ಉಳಿದಿದ್ದ ಮ್ಯಾಚ್‌ಲೆಸ್ ಎಂಜಿನ್ನುಗಳಿಂದ ಕೆಲವೇ ಗಾಡಿಗಳನ್ನು ಜೋಡಿಸಿ 1946ರಲ್ಲಿ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಲಾಯಿತು.