ನರನಾಳದೋಷ ಸಂಶೋಧನೆ ಮತ್ತು ಸಾರ್ವಜನಿಕ ಧನ

ಗರ್ಭ ಕಟ್ಟಿದ ನಾಲ್ಕು ವಾರಗಳೊಳಗೆ, ಎಷ್ಟೋ ವೇಳೆ ತಾನು ಬಸುರಿಯೆಂಬುದು ತಾಯಿಗೇ ತಿಳಿಯುವ ಮೊದಲು, ಭ್ರೂಣದ ನರನಾಳವು ಮುಚ್ಚಿಕೊಳ್ಳಬೇಕು. ಹಾಗೆ ಮುಚ್ಚದಿದ್ದಲ್ಲಿ ಮಿದುಳು ಬೆಳೆಯದ ಅಥವಾ ಬೆನ್ನುಹುರಿ ತೆರೆದೇ ಉಳಿದ ಶಿಶು ಜನಿಸುತ್ತದೆ. ಈ ವೈಕಲ್ಯಕ್ಕೆ ನಿವಾರಣೋಪಾಯವುಂಟೆಂದು ನಿಸ್ಸಂಶಯವಾಗಿ ತೋರಿಸಿದ ಕೀರ್ತಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯದು. ವಿಮೆಗೊಳಪಟ್ಟ ಪ್ರತಿಯೊಬ್ಬರ ಲೆಕ್ಕದಲ್ಲಿ ವರ್ಷಕ್ಕೆ ಒಂದು ಪೆನ್ನಿಯನ್ನು ಸಂಶೋಧನೆಗೆಂದು ತೆಗೆದಿರಿಸಿದ 1911ರ ರಾಷ್ಟ್ರೀಯ ವಿಮಾ ಕಾಯಿದೆಯ ಫಲವಾಗಿ, ಕ್ಷಯರೋಗವನ್ನೇ ಮೊದಲ ಗುರಿಯಾಗಿಟ್ಟುಕೊಂಡು 1913ರಲ್ಲಿ ಸಮಿತಿಯ ರೂಪದಲ್ಲಿ ಹುಟ್ಟಿದ ಈ ಸಂಸ್ಥೆ 1920ರಲ್ಲಿ ಮಂಡಲಿಯಾಯಿತು.

ಆ ನಿವಾರಣೋಪಾಯದ ಸುಳಿವು ದೊರೆತುದು ಬೇರೊಂದು ರೋಗದಿಂದ. ಮುಂಬಯಿಯ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದೆಂದು ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದ್ದಳು. ಆ ಸಾರದಲ್ಲಿ ಅಡಗಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಪ್ರಸಿದ್ಧವಾಯಿತು. ಇದರ ಕೊರತೆಗೂ ಶಿಶುವೈಕಲ್ಯಕ್ಕೂ ಸಂಬಂಧವಿರಬಹುದೆಂದು ವೈದ್ಯರಾದ ಹಿಬ್ಬಾರ್ಡ್ ಮತ್ತು ಸ್ಮಿತೆಲ್ಸ್ 1965ರಲ್ಲಿ ಸೂಚಿಸಿದರು. ಹಿಂದೆ ಇಂಥ ಶಿಶುವನ್ನು ಹೆತ್ತಿದ್ದ ತಾಯಂದಿರಿಗೆ ಬಹುವಿಟಮಿನ್ ಗುಳಿಗೆಗಳನ್ನು ಕೊಟ್ಟ ಸ್ಮಿತೆಲ್ಸ್, ಸೇವಿಸದವರಲ್ಲಿ ಶೇಕಡಾ 5ರಷ್ಟಿದ್ದ ಮರುಕಳಿಕೆ ಸೇವಿಸಿದವರಲ್ಲಿ ಶೇಕಡಾ 0.6ಕ್ಕೆ ಇಳಿದುದನ್ನು 1980ರಲ್ಲಿ ವರದಿಮಾಡಿದನು. ಆದರೆ ಹುಸಿಗುಳಿಗೆ ಕೊಡಲು ನೀತಿಸಮಿತಿಗಳು ಒಪ್ಪದಿದ್ದುದರಿಂದ ಎರಡು ಗುಂಪುಗಳನ್ನು ಚೀಟಿಯೆತ್ತಿ ವಿಂಗಡಿಸಿರಲಿಲ್ಲ. ಗುಳಿಗೆ ಸೇವಿಸಿದವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದರೇನೋ ಎಂಬ ಶಂಕೆ ಹಾಗೆಯೇ ಉಳಿಯಿತು.

ಅಗ್ಗದ ವಿಟಮಿನ್ನಿನಿಂದ ಲಾಭ ಕಾಣುವ ವರ್ತಕನಾರು? ಇಂಥ ಶಂಕೆಯನ್ನು ತೀರಿಸುವ ಹೊಣೆ ಸಹಜವಾಗಿಯೇ ಸಾರ್ವಜನಿಕ ಧನದ ಮೇಲೆ ಬೀಳುತ್ತದೆ. ನಿಕೊಲಾಸ್ ವಾಲ್ಡನ ನೇತೃತ್ವದಲ್ಲಿ 1983ರ ಜುಲೈನಲ್ಲಿ ಮಂಡಲಿಯ ಪರೀಕ್ಷೆ ಆರಂಭವಾಗಿ, 7 ದೇಶಗಳ 33 ಕೇಂದ್ರಗಳಲ್ಲಿ 1817 ಸ್ತ್ರೀಯರನ್ನು ಚೀಟಿಯೆತ್ತಿ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು: ಫೋಲಿಕ್ ಆಮ್ಲ ಪಡೆದವರು, ಇತರ ವಿಟಮಿನ್ ಪಡೆದವರು, ಎರಡನ್ನೂ ಪಡೆದವರು, ಎರಡನ್ನೂ ಪಡೆಯದವರು. ಕೆಲವರಿಗೆ ವಿಟಮಿನ್ ಕೊಡದಿರುವುದೇ ಕ್ರೌರ್ಯವೆಂಬ ಆಕ್ಷೇಪ ಬಲವಾಗಿಯೇ ಎದ್ದಿತು. ಕರುಣೆಯಿಂದ ಹುಟ್ಟಿದ ಆ ವಾದ ಗೆದ್ದಿದ್ದರೆ ಸಂದೇಹವೂ ಅದರೊಡನೆ ಬದುಕಿರುತ್ತಿತ್ತು. ಫಲಿತಾಂಶ ತಿಳಿದುಬಂದ 1195 ಗರ್ಭಗಳಲ್ಲಿ 27ಕ್ಕೆ ದೋಷವಿದ್ದು, ಅವುಗಳಲ್ಲಿ 6 ಮಾತ್ರ ಫೋಲಿಕ್ ಆಮ್ಲ ಪಡೆದವರವಾಗಿದ್ದುವು. ಇತರ ವಿಟಮಿನ್ನುಗಳಿಂದ ಗಣನೀಯ ರಕ್ಷಣೆ ಕಾಣಲಿಲ್ಲ. ಇಷ್ಟು ಸ್ಪಷ್ಟವಾದ ಮೇಲೆ 1991ರ ಏಪ್ರಿಲಿನಲ್ಲಿ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ನಡೆಸುತ್ತಿದ್ದ ಅಂಥದೇ ಪರೀಕ್ಷೆಯೂ ಅದರ ಹಿಂದೆಯೇ ನಿಂತಿತು.

ಅಮೆರಿಕವು 1998ರಿಂದ ಧಾನ್ಯದ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಪರೀಕ್ಷೆಗೆ ಹಣ ತೊಡಗಿಸಿದ ಬ್ರಿಟನ್ ಅದೇ ನಿರ್ಧಾರವನ್ನು ಸಾರಿದುದು 2021ರಲ್ಲಿ, ಅದೂ ತವುಡು ತೆಗೆದ ಗೋದಿಹಿಟ್ಟಿಗೆ ಮಾತ್ರ.