ಅಂಟುಪಟ್ಟಿಯ ಋಣ

1953ರಲ್ಲಿ ಇಂಗ್ಲೆಂಡಿನ ವೂಲ್‌ವರ್ತ್ ಅಂಗಡಿಗಳಿಗೆ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಸ್ಪಿಟ್‌ಫೈರ್ ಬಂತು, ಯುದ್ಧವಿಮಾನದ ಜೋಡಿಸುವ ಮಾದರಿ. ಬೆಲೆ ಎರಡು ಶಿಲ್ಲಿಂಗ್. ಅಸಲಿ ವಿಮಾನದ 72ರಲ್ಲಿ ಒಂದು ಪಾಲು ಅಳತೆ, ಅಂದರೆ ಚೋಟುದ್ದ. ಭಾಗಗಳನ್ನು ಅಂಟಿಸಲು ಒಂದು ಸಂಜೆ ಸಾಕು. ಕೈ ನಡುಗುತ್ತಿದ್ದದ್ದು ಬಣ್ಣದ ಸರದಿ ಬಂದಾಗ, ಅದರಲ್ಲೂ ಪೈಲಟ್ ತಲೆಯ ಮೇಲಿನ ಪಾರದರ್ಶಕ ಗುಮ್ಮಟದ ಹತ್ತಿರ. ಉಗುರಗಲದ ಆ ತುಣುಕಿನ ಮೇಲೆ ದಾರದೆಳೆಯಂಥ ಚೌಕಟ್ಟು. ಬಣ್ಣ ಅದರ ಮೇಲೆ ಮಾತ್ರ ಕೂರಬೇಕು, ಗಾಜಿಗೆ ತಾಗಕೂಡದು.

ಇದಕ್ಕೆ ಪರಿಹಾರ ಅಷ್ಟು ಹೊತ್ತಿಗಾಗಲೇ ಇತ್ತು. ಅದು ಹುಟ್ಟಿದ್ದು ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನ ಗೋಳಿನಿಂದ.

1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರಿನ ಹುಚ್ಚು. ಒಂದು ಬಣ್ಣ ಹೊಡೆಯುವಾಗ ಇನ್ನೊಂದು ಮುಚ್ಚಿರಬೇಕು. ಕೆಲಸಗಾರರು ಹಳೆ ಪೇಪರನ್ನು ಗೋಂದು ಹಚ್ಚಿ ಅಂಟಿಸುತ್ತಿದ್ದರು. ಕಿತ್ತರೆ ಹೊಸ ಬಣ್ಣವೂ ಜೊತೆಗೇ ಕಿತ್ತು ಬರುತ್ತಿತ್ತು. ಸೇಂಟ್ ಪಾಲ್ ನಗರದ ಅಂಥದೊಂದು ಶೆಡ್ಡಿಗೆ ಉಪ್ಪುಕಾಗದದ ಮಾದರಿ ಹಿಡಿದು ಹೋದವನು 3ಎಂ ಕಂಪನಿಯ ರಿಚರ್ಡ್ ಡ್ರೂ. ಅಲ್ಲಿನ ಬೈಗುಳ ಕೇಳಿಸಿಕೊಂಡು ಬಂದವನು ಮರಗೆಲಸದ ಗೋಂದಿಗೆ ಗ್ಲಿಸರಿನ್ ಬೆರೆಸಿ, ನೆರಿಗೆ ಕಾಗದಕ್ಕೆ ಬಳಿದು, 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. ಹಿಡಿಯಬೇಕು, ಆದರೆ ಬಿಡು ಎಂದಾಗ ಬಿಡಬೇಕು: ಗೋಂದಿಗೆ ಈ ಶಿಸ್ತು ಕಲಿಸಿದ್ದೇ ಅವನ ಜಾಣ್ಮೆ.

ಟೇಪಿನ ಜೊತೆಗೆ ಬೇಕಾದ ಅಕ್ರಿಲಿಕ್ ಬಣ್ಣ ಬಂದ ದಾರಿ ಬೇರೆ. ಜರ್ಮನಿಯ ಓಟೋ ರೋಮ್ 1901ರಲ್ಲೇ ಅಕ್ರಿಲಿಕ್ ರಾಸಾಯನಿಕದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದ. 1933ರಲ್ಲಿ ಅವನ ಕಂಪನಿ ಪ್ಲೆಕ್ಸಿಗ್ಲಾಸ್ ಎಂಬ ಸುಲಭಕ್ಕೆ ಒಡೆಯದ ಗಾಜಿನಂಥ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ತಂದಿತು. ಎರಡನೇ ಮಹಾಯುದ್ಧದ ಯುದ್ಧವಿಮಾನಗಳ ಗುಮ್ಮಟಗಳಾದದ್ದು ಇದೇ ವಸ್ತು. ಅದೇ ವಂಶದ ರಾಳವನ್ನು ನೀರಿನಲ್ಲಿ ಕದಡಿ ಬಣ್ಣಕ್ಕೆ ಒಗ್ಗಿಸಿದ್ದು 1950ರ ದಶಕದಲ್ಲಿ. ಹೀಗಾಗಿ ಇಂದಿನ ಹವ್ಯಾಸಿ ಗುಮ್ಮಟದ ಚೌಕಟ್ಟಿಗೆ ಅಕ್ರಿಲಿಕ್ ಹೊಡೆಯುವಾಗ, ಅಸಲಿ ಗುಮ್ಮಟದ ದಾಯಾದಿಯನ್ನೇ ಕೈಯಲ್ಲಿ ಹಿಡಿದಿರುತ್ತಾನೆ.

ಬಣ್ಣವನ್ನು ಥಿನ್ನರ್ ಹಾಕಿ ಹಾಲಿನ ಹದಕ್ಕೆ ತರುವುದು ರೂಢಿ. ಗಟ್ಟಿಯಾದರೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಕೂದಲೆಳೆ ರಂಧ್ರ ಕಟ್ಟಿಕೊಳ್ಳುತ್ತದೆ, ನೀರಾದರೆ ಟೇಪಿನ ಅಂಚಿನಡಿ ನುಸುಳುತ್ತದೆ. ಎಲ್ಲ ಅಕ್ರಿಲಿಕ್ಕೂ ನೀರಿಗೆ ಒಂದೇ ಥರ ಬಗ್ಗುವುದಿಲ್ಲ. ಜಪಾನಿನ ತಮಿಯಾ ಬಣ್ಣಕ್ಕೆ ಆಲ್ಕೋಹಾಲ್ ಬೆರೆತ ಥಿನ್ನರೇ ಹೆಚ್ಚು ಒಗ್ಗುತ್ತದೆ.

ಗುಮ್ಮಟದ ಮೇಲೆ ಟೇಪ್ ಹಾಸಿ, ಹಲ್ಲುಕಡ್ಡಿಯಿಂದ ಅಂಚು ಒತ್ತಿ, ಚೌಕಟ್ಟಿನ ಗೆರೆಗುಂಟ ಹೊಸ ಬ್ಲೇಡ್ ಆಡಿಸಿ, ಚೌಕಟ್ಟಿನ ಮೇಲಿನ ಟೇಪನ್ನಷ್ಟೇ ಎತ್ತುತ್ತಾರೆ. ಮೊದಲು ಹೊಡೆಯುವುದು ಹೊರಗಿನ ಬಣ್ಣವಲ್ಲ, ಕಾಕ್‌ಪಿಟ್ಟಿನ ಬೂದುಹಸಿರು. ಅದರ ಮೇಲೆ ಹೊರಬಣ್ಣ ಬಂದರೆ, ಗಾಜಿನೊಳಗಿಂದ ಇಣುಕಿದಾಗ ಚೌಕಟ್ಟಿನ ಒಳಮೈ ಹಸಿರಾಗಿಯೇ ಕಾಣುತ್ತದೆ. ಆಮೇಲೆ ಟೇಪಿನ ತುದಿಯನ್ನು ಹಿಂದಕ್ಕೆ ಮಡಿಚಿ, ಮೈಗೆ ಒರಗಿದಂತೆ, ಉಸಿರು ಬಿಗಿಹಿಡಿದು ಎಳೆಯುತ್ತಾರೆ.