44, 40, 8: ಯಾವುದು ಹೊಸ ಸುದ್ದಿ?

ರೂಟರುಗಳು ದಾರಿಯ ವಿವರವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂದು ಪಾಠ ಹೇಳುವಾಗ ಹೆಚ್ಚಿನ ಒತ್ತು ಬೀಳುವುದು ಹತ್ತಿರದ ದಾರಿ ಹುಡುಕುವ ಲೆಕ್ಕದ ಮೇಲೆ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಆ ಲೆಕ್ಕ ಸೊಗಸಾದದ್ದೇ. ಆದರೆ ಅದಕ್ಕೆ ಮೊದಲು ಎಲ್ಲ ರೂಟರುಗಳ ಕೈಯಲ್ಲೂ ಒಂದೇ ಸುದ್ದಿ ಇರಬೇಕು. ಒಂದೇ ಮೂಲದಿಂದ ಎರಡು ಸುದ್ದಿ ಬಂದರೆ ಹೊಸದು ಯಾವುದೆಂದು ಗೊತ್ತಾಗಬೇಕು. ನಿಜವಾದ ತೊಡಕು ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. 1980ರ ಅಕ್ಟೋಬರ್ 27ರಂದು ಇಂದಿನ ಇಂಟರ್ನೆಟ್ಟಿನ ಪೂರ್ವಜ ಜಾಲವಾದ ಆರ್ಪಾನೆಟ್ ಹಲವು ಗಂಟೆಗಳ ಕಾಲ ನಿಷ್ಕ್ರಿಯಗೊಂಡ ಪ್ರಕರಣವನ್ನು ಈ ದೃಷ್ಟಿಯಿಂದ ಮತ್ತೆ ಓದಬಹುದು. ಇದಕ್ಕೆ ಮುಖ್ಯ ಆಧಾರ ಎರಿಕ್ ರೋಸೆನ್ 1981ರಲ್ಲಿ ಬರೆದ ತಾಂತ್ರಿಕ ಟಿಪ್ಪಣಿ ಆರ್‌ಎಫ್‌ಸಿ 789.

ಆರ್ಪಾನೆಟ್ಟಿನ ಮೊದಲ ಪದ್ಧತಿಯಲ್ಲಿ ಪ್ರತಿ ನೋಡ್ (ಅಂದರೆ ಅಂದಿನ ರೂಟರು) ತನಗೆ ಗೊತ್ತಿದ್ದ ದೂರಗಳ ಪಟ್ಟಿಯನ್ನು ನೆರೆಯವರಿಗಷ್ಟೇ ಕೊಡುತ್ತಿತ್ತು. ಕೇಳಿದ್ದನ್ನು ನಂಬಿ ಮುಂದಕ್ಕೆ ಹೇಳುವ ಕ್ರಮ ಅದು. ಕೆಟ್ಟ ಸುದ್ದಿ ಅದರಲ್ಲಿ ನಿಧಾನವಾಗಿ ಹರಡುತ್ತಿತ್ತು. 1979ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಪ್ರತಿ ನೋಡ್ ತನ್ನ ಸ್ವಂತ ಲಿಂಕುಗಳ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಆದರೆ ಇಡೀ ಜಾಲಕ್ಕೆ ಡಂಗುರ ಹೊಡೆದಂತೆ ಹೇಳುತ್ತದೆ. ಕೇಳಿಸಿಕೊಂಡ ನೋಡ್ ಅದು ಹೊಸದಾಗಿದ್ದರೆ ದಾಖಲಿಸಿಕೊಂಡು ನೆರೆಯವರಿಗೆ ದಾಟಿಸುತ್ತದೆ, ಹಳೆಯದಾದರೆ ಬಿಟ್ಟುಬಿಡುತ್ತದೆ. ಡಂಗುರ ನಿಲ್ಲುವುದು ಈ ‘ಬಿಟ್ಟುಬಿಡುವ’ ಕ್ರಿಯೆಯಿಂದಲೇ.

ಹೊಸತು ಹಳತನ್ನು ಗುರುತಿಸಲು ಆರು ಬಿಟ್‌ಗಳ ಕ್ರಮಸಂಖ್ಯೆ ಇತ್ತು: 0ಯಿಂದ 63ರವರೆಗೆ ಎಣಿಸಿ ಮತ್ತೆ 0. ಸುತ್ತಿ ಬರುವ ಎಣಿಕೆಯಲ್ಲಿ ದೊಡ್ಡದೇ ಹೊಸದು ಎನ್ನುವಂತಿಲ್ಲ. 63ರ ನಂತರ ಬಂದ 0 ಹೊಸದು. ಹಾಗಾಗಿ ನಿಯಮ ಹೀಗಿತ್ತು: ಒಂದು ಸಂಖ್ಯೆಯಿಂದ ಮುಂದಕ್ಕೆ ಎಣಿಸುತ್ತ 32 ಹೆಜ್ಜೆಯೊಳಗೆ ಇನ್ನೊಂದು ಸಿಕ್ಕರೆ ಆ ಇನ್ನೊಂದು ಹೊಸದು. ಎರಡೂ ಕಡೆಯಿಂದ ಸರಿಯಾಗಿ 32 ಇದ್ದರೆ ದೊಡ್ಡದಕ್ಕೆ ಗೆಲುವು.

ನಮ್ಮ ಶಾಸನಗಳನ್ನು ಓದುವವರಿಗೆ ಈ ಸಂಕಟ ಹೊಸದಲ್ಲ. ಸಂವತ್ಸರದ ಹೆಸರಷ್ಟೇ ಇದ್ದು ಶಕವರ್ಷ ಅಳಿಸಿಹೋಗಿದ್ದರೆ, ಅರವತ್ತು ವರ್ಷಕ್ಕೊಮ್ಮೆ ಮರಳುವ ಆ ಹೆಸರು ಯಾವ ಸುತ್ತಿನದು ಎಂದು ಲಿಪಿಯನ್ನೋ ರಾಜನ ಹೆಸರನ್ನೋ ನೋಡಿ ತೀರ್ಮಾನಿಸಬೇಕು. ಆರ್ಪಾನೆಟ್ಟಿನ ನೋಡ್‌ಗೆ ಅಂಥ ಹೊರಗಿನ ಆಧಾರ ಇರಲಿಲ್ಲ.

ಆ ದಿನ 29ನೇ ನೋಡಿನ ಯಂತ್ರಾಂಶ ಕೆಟ್ಟು ಬಿಟ್‌ಗಳು ಉದುರುತ್ತಿದ್ದವು. ಅದರ ಫಲವಾಗಿ 50ನೇ ನೋಡಿನ ಹೆಸರಿನಲ್ಲಿ ಮೂರು ಸುದ್ದಿಗಳು ಜಾಲದಲ್ಲಿ ಒಟ್ಟಿಗೆ ಸುತ್ತತೊಡಗಿದವು. ಅವುಗಳ ಸಂಖ್ಯೆ 44, 40 ಮತ್ತು 8. ದ್ವಿಮಾನದಲ್ಲಿ ಬರೆದರೆ 101100, 101000, 001000. ಒಂದೊಂದೇ ಬಿಟ್ 1 ಹೋಗಿ 0 ಆಗಿದೆ, ಅಷ್ಟೆ. ಈಗ ನಿಯಮ ಹಚ್ಚಿ ನೋಡಿ: 40ರಿಂದ ನಾಲ್ಕೇ ಹೆಜ್ಜೆ ಮುಂದಿರುವುದರಿಂದ 44 ಹೊಸದು. 44ರಿಂದ ಸುತ್ತು ಹಾಕಿ 28 ಹೆಜ್ಜೆ ನಡೆದರೆ 8 ಸಿಗುತ್ತದೆ, ಆದ್ದರಿಂದ 8 ಅದಕ್ಕಿಂತ ಹೊಸದು. 8ಕ್ಕೂ 40ಕ್ಕೂ ಅಂತರ ಸರಿಯಾಗಿ 32, ದೊಡ್ಡದಾದ 40 ಗೆಲ್ಲುತ್ತದೆ. ಮೂರರಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದು! ಯಾವುದನ್ನೂ ಯಾರೂ ಬಿಟ್ಟುಬಿಡುವಂತಿಲ್ಲ. ನೋಡ್‌ಗಳು ಮೂರನ್ನೂ ಸರದಿಯಂತೆ ಸ್ವೀಕರಿಸುತ್ತ, ದಾಟಿಸುತ್ತ, ಬೇರೆ ಕೆಲಸಕ್ಕೆ ಬಿಡುವಿಲ್ಲದಾದವು. ಗಮನಿಸಬೇಕಾದದ್ದು, ಕೆಟ್ಟದ್ದು ಒಂದೇ ಯಂತ್ರ. ಉಳಿದವೆಲ್ಲ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವು.

ಸುದ್ದಿಗೆ ವಯಸ್ಸಿನ ಲೆಕ್ಕವೂ ಇತ್ತು. ಆದರೆ ಅದು ನಡೆಯುತ್ತಿದ್ದುದು ಸುದ್ದಿ ಒಂದು ನೋಡಿನಲ್ಲಿ ಕೆಲವು ಸೆಕೆಂಡು ಕುಳಿತಾಗ ಮಾತ್ರ. ಎಲ್ಲೂ ನಿಲ್ಲದೆ ಓಡುತ್ತಿದ್ದ ಈ ಮೂರಕ್ಕೆ ವಯಸ್ಸೇ ಆಗಲಿಲ್ಲ. ಒಂದು ನೋಡನ್ನು ಆರಿಸಿ ಹಚ್ಚಿದರೂ ನೆರೆಯವರು ಮತ್ತೆ ಅದೇ ಸುದ್ದಿ ತಂದು ಸುರಿಯುತ್ತಿದ್ದರು. ಕೊನೆಗೆ 50ನೇ ನೋಡಿನ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳಬೇಡ ಎನ್ನುವ ಪುಟ್ಟ ತೇಪೆಯನ್ನು ನೋಡ್‌ಗಳ ಪ್ರೋಗ್ರಾಮಿಗೆ ಹಚ್ಚಬೇಕಾಯಿತು.

ಇಂದು ಕಚೇರಿ, ಕಾಲೇಜುಗಳ ಜಾಲಗಳಲ್ಲಿ ವ್ಯಾಪಕವಾಗಿರುವ, ಇದೇ ಡಂಗುರದ ಪದ್ಧತಿಯ ಒಎಸ್‌ಪಿಎಫ್ ನಿಯಮಾವಳಿಯನ್ನು (ಜಾನ್ ಮಾಯ್ ಬರೆದ 1998ರ ಆರ್‌ಎಫ್‌ಸಿ 2328) ಈ ಹಿನ್ನೆಲೆಯಲ್ಲಿ ಓದಿದರೆ, ಒಣ ವಿವರಗಳೆಂದು ವಿದ್ಯಾರ್ಥಿಗಳು ಹಾರಿಸಿಬಿಡುವ ಕಲಮುಗಳಿಗೆ ಅರ್ಥ ಬರುತ್ತದೆ. ಕ್ರಮಸಂಖ್ಯೆ 32 ಬಿಟ್‌ಗಳದು. ನೇರವಾಗಿ ಏರುತ್ತದೆ, ಸುತ್ತುವುದಿಲ್ಲ. ಐದು ಸೆಕೆಂಡಿಗೊಂದರಂತೆ ಖರ್ಚು ಮಾಡಿದರೂ ಮುಗಿಯಲು ಸುಮಾರು 680 ವರ್ಷ ಬೇಕು. ಮುಗಿದರೂ ಹಳೆಯ ಸುದ್ದಿಯನ್ನು ಇಡೀ ಜಾಲದಿಂದ ಅಳಿಸಿದ ಮೇಲೆಯೇ ಹೊಸ ಎಣಿಕೆ. ಈ ನೇರ ಎಣಿಕೆ ಮೊದಲಿಗೇ ಬಂದದ್ದಲ್ಲ: 1989ರ ಮೊದಲ ಆವೃತ್ತಿಯಲ್ಲಿ ಕಡ್ಡಿಮಿಠಾಯಿಯ ಆಕಾರದ ಎಣಿಕೆ ಇತ್ತು, ಅಂದರೆ ನೇರ ಕಡ್ಡಿಯ ತುದಿಗೊಂದು ಸುತ್ತು. ಸುತ್ತು ಇರುವವರೆಗೆ ಹಳೆಯ ಅಪಾಯವೂ ಇರುತ್ತದೆ. 1991ರ ಎರಡನೇ ಆವೃತ್ತಿ ಅದನ್ನು ಕೈಬಿಟ್ಟಿತು. ವಯಸ್ಸು ಕೂಡ ಈಗ ಕುಳಿತಾಗಷ್ಟೇ ಅಲ್ಲ, ಪ್ರತಿ ಜಿಗಿತದಲ್ಲೂ ಏರುತ್ತದೆ. 3600 ಸೆಕೆಂಡು ತುಂಬಿದ ಸುದ್ದಿಗೆ ಜಾಗವಿಲ್ಲ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಸುಲಭವಾಗಿ ಕಣ್ತಪ್ಪುವ ಇನ್ನೊಂದು ಕಲಮು. ತಂತಿಯಲ್ಲಿ ಬರುವಾಗ ಸುದ್ದಿ ಕೆಟ್ಟಿತೇ ಎಂದು ಚೆಕ್‌ಸಮ್ ನೋಡುವುದು ಎಲ್ಲರೂ ಮಾಡುವ ಕೆಲಸ. ಒಎಸ್‌ಪಿಎಫ್ ರೂಟರು ತನ್ನ ನೆನಪಿನಲ್ಲಿ ಸುಮ್ಮನೆ ಕುಳಿತಿರುವ ಸುದ್ದಿಯ ಚೆಕ್‌ಸಮ್ಮನ್ನೂ ಐದು ನಿಮಿಷಕ್ಕೊಮ್ಮೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಏನು ಮಾಡಬೇಕೆಂದೂ ನಿಯಮಾವಳಿ ಹೇಳುತ್ತದೆ: ರೂಟರು ತನ್ನ ಪ್ರೋಗ್ರಾಮೋ ಮೆಮೊರಿಯೋ ಕೆಟ್ಟಿದೆ ಎಂದು ತಿಳಿದು, ಕನಿಷ್ಠಪಕ್ಷ ತನ್ನನ್ನು ತಾನೇ ಮರುಚಾಲನೆ ಮಾಡಿಕೊಳ್ಳಬೇಕು.